ನನಗೆ ಬಾಯಿಟ್ಟವರು

"ಇದನ್ನ ಒಂದು ಅಂತ ಬರೀಲೋ, ಐದು ಅಂತ ಬರೀಲೋ?" ವಕೀಲರ ಗುಮಾಸ್ತ ಪೆನ್ನು ಎತ್ತಿ ಹಿಡಿದು ಕೇಳಿದ.

ಎಲೀಷ ನನ್ನನ್ನು ಮೇಜಿನ ಮೇಲೆ ಬಿಚ್ಚಿಡುತ್ತಿದ್ದ. ಮೊದಲು ಊದುವ ಬಾಯಿತುಂಡು, ಆಮೇಲೆ ಗಿಡ್ಡ ಕೊರಳು, ಮೈಯ ಎರಡು ಭಾಗ, ಕೊನೆಗೆ ಗಂಟೆಯಂತೆ ಅರಳಿದ ತುದಿ.

"ಒಂದ ರೀ. ಜೋಡಿಸಿದ್ರ ಒಂದು."

"ಊದಿದ್ರ ನುಡೀತದೇನು?"

"ಊದಾವ್ರು ಇದ್ರ ನುಡೀತೈತಿ."

ಗುಮಾಸ್ತ ನಕ್ಕು, ಡೋಲು, ಟ್ರಂಪೆಟ್, ಕೆಂಪು ಕೋಟುಗಳ ಕೆಳಗೆ 'ಹಳೆಯ ಕ್ಲಾರ್ನೆಟ್, ಒಂದು' ಎಂದು ಬರೆದ. ಸತ್ತವನ ಆಸ್ತಿಯಲ್ಲಿ ನಾನು ಸೇರಿಕೊಂಡದ್ದು ಹೀಗೆ.

ನಾನು ಹುಟ್ಟಿದ್ದು ಮೀರತ್‌ನ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ. ಕರಿಮರದ ಒಂದು ತುಂಡನ್ನು ಕೊರೆದು ಟೊಳ್ಳು ಮಾಡಿ, ಮೈತುಂಬ ತೂತು ಹಾಕಿ, ಆ ತೂತುಗಳಿಗೆ ಬೆಳ್ಳಿಬಣ್ಣದ ಮುಚ್ಚಳ ಕಟ್ಟಿದರು. ನನ್ನನ್ನು ಮಾಡಿದ ಮುದುಕ ಒಮ್ಮೆ ಊದಿ ನೋಡಿ, ತಲೆಯಾಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿದ. ನನಗೆ ಸ್ವಂತ ಉಸಿರಿಲ್ಲ ಎಂಬುದು ಅಂದೇ ಗೊತ್ತಾಯಿತು. ಯಾರಾದರೂ ಬಾಯಿಟ್ಟರೆ ಮಾತ್ರ ನಾನು ಇದ್ದೇನೆ.

ಮೊದಲು ನನಗೆ ಬಾಯಿಟ್ಟವನು ಪಲ್ಟನ್ನಿನ ಬ್ಯಾಂಡಿನವನು. ಪಿಂಚಣಿ ಪಡೆದು ಬೆಳಗಾವಿಗೆ ಬಂದ ಮೇಲೆ ಅವನ ಮುಂದಿನ ಹಲ್ಲುಗಳು ಬಿದ್ದವು. ಬೊಚ್ಚುಬಾಯಿಗೆ ನಾನು ಒಗ್ಗಲಿಲ್ಲ. ಬೈದ, ಅತ್ತ, ಕೊನೆಗೆ ಹುಬ್ಬಳ್ಳಿಯಿಂದ ಬಂದಿದ್ದ ದಾನಿಯೇಲಪ್ಪ ಹಂಚಿನಮನಿಯ ಕೈಗೆ ನನ್ನನ್ನು ಕೊಟ್ಟ.

ದಾನಿಯೇಲಪ್ಪನದು ಮದುವೆ ಬ್ಯಾಂಡು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಶಟರಿನ ಅಂಗಡಿ, ಒಳಗೆ ಗೋಡೆಗೆ ನೇತುಹಾಕಿದ ವಾದ್ಯಗಳು. ತಮ್ಮ ಎಲೀಷ ದೊಡ್ಡ ಡೋಲು ಬಾರಿಸುತ್ತಿದ್ದ, ಅಣ್ಣ ನನ್ನನ್ನು ಊದುತ್ತಿದ್ದ. ಭಾನುವಾರ ಚರ್ಚಿನಲ್ಲಿ ಕೀರ್ತನೆ, ವಾರವೆಲ್ಲ ಮಂದಿಯ ಮದುವೆ.

ಊದುವವರಲ್ಲಿ ಒಂದು ಕಟ್ಟು ಇದೆ. ಒಬ್ಬನ ಬಾಯಿತುಂಡಿಗೆ ಇನ್ನೊಬ್ಬ ಬಾಯಿಡುವುದಿಲ್ಲ. ದಾನಿಯೇಲಪ್ಪ ಇದರಲ್ಲಿ ಬಹಳ ಬಿಗಿ. ಊದಿದ ಮೇಲೆ ಬಾಯಿತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಎಲೀಷ ತಮಾಷೆಗೆ ನನ್ನನ್ನು ಬಾಯಿಯ ಹತ್ತಿರ ಒಯ್ದಾಗ ಅಣ್ಣ ಕಸಿದುಕೊಂಡ.

"ಇಡಲೇ ಕೆಳಗ. ಮಂದಿ ಎಂಜಲ ನನಗ ಆಗೂದಿಲ್ಲ."

"ನಾ ಮಂದಿ ಏನಣ್ಣಾ?"

"ನೀ ಡೋಲಿನಾಂವ. ಅದಕ್ಕ ಎಂಜಲಿಲ್ಲ, ಗುದ್ದಕೋತ ಕೂಡು."

ಎಲ್ಲರೂ ನಕ್ಕರು. ಎಲೀಷನೂ ನಕ್ಕ, ಸ್ವಲ್ಪ ತಡವಾಗಿ.

ದಾನಿಯೇಲಪ್ಪನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಊರೂರು ಅಲೆಯುವ ಗಂಡಸು ಹಸುಗೂಸನ್ನು ಹೇಗೆ ಸಾಕಿಯಾನು? ಹೆಂಡತಿಯ ಅಕ್ಕ ಮಾರ್ಥವ್ವ ಬೆಟಗೇರಿಯಿಂದ ಬಂದಳು. ಪಾದ್ರಿಗಳು ಪ್ರಾರ್ಥನೆ ಮಾಡಿದರು, ಹೆಂಗಸರು ಅಕ್ಕಿ, ಕೊಬ್ಬರಿಯ ಜೊತೆಗೆ ಕೂಸನ್ನೂ ಅವಳ ಉಡಿಗೆ ಹಾಕಿದರು. ಆ ಕಡೆ ಒಂದು ಮಾತಿದೆ, ಉಡಿಗೆ ಹಾಕಿದ್ದನ್ನು ತಿರುಗಿ ನನ್ನದೆನ್ನಬಾರದು. ದಾನಿಯೇಲಪ್ಪ ಎನ್ನಲಿಲ್ಲ. ಆದರೆ ಕ್ರಿಸ್ಮಸ್ಸಿಗೆ ಬೆಟಗೇರಿಗೆ ಹೋಗುವುದನ್ನು ಬಿಡಲಿಲ್ಲ, ನನ್ನನ್ನು ಮರೆತು ಹೋದದ್ದೂ ಇಲ್ಲ.

ಮಗುವಿನ ಹೆಸರು ಸುವಾರ್ತಾ. ದಾನಿಯೇಲಪ್ಪನನ್ನು ಅವಳು ಬ್ಯಾಂಡಪ್ಪ ಎನ್ನುತ್ತಿದ್ದಳು. ಒಂದು ಕ್ರಿಸ್ಮಸ್ಸಿನಲ್ಲಿ ಅವನು ಬಾಯಿತುಂಡು ಬಿಚ್ಚದೆ ಕೈತೊಳೆಯಲು ಹೋದಾಗ ಹುಡುಗಿ ನನ್ನನ್ನು ಎತ್ತಿ ನೇರ ಬಾಯಿಗಿಟ್ಟಳು. ಕಾಗೆ ಕೂಗಿದಂಥ ಸದ್ದು ಹೊರಟಿತು. ಮಾರ್ಥವ್ವ ಗದರಿದಳು. "ಏ ಹುಡುಗಿ, ಎಂಜಲ ಮಾಡಿದೆಲ್ಲ!" ಬಾಗಿಲಲ್ಲಿ ಕೂತಿದ್ದ ಎಲೀಷ ಅಣ್ಣನ ಮುಖ ನೋಡಿದ. ದಾನಿಯೇಲಪ್ಪ ಅವಳ ಕೈಯಿಂದ ನನ್ನನ್ನು ತೆಗೆದುಕೊಂಡ. ಒರೆಸಲಿಲ್ಲ. ಹಾಗೆಯೇ ಬಾಯಿಗಿಟ್ಟು ಒಂದು ಸ್ವರ ಊದಿ, ತಿರುಗಿ ಅವಳಿಗೇ ಕೊಟ್ಟ. ಮತ್ತೆ ಅವಳು, ಮತ್ತೆ ಅವನು. ಮುಂದಿನ ಕ್ರಿಸ್ಮಸ್ಸುಗಳಲ್ಲಿ ಕಾಗೆ ಹೋಗಿ ಕೀರ್ತನೆ ಬಂತು. ನನ್ನ ಬಾಯಿತುಂಡಿನ ಮೇಲೆ ಇಬ್ಬರ ಹಲ್ಲಿನ ಗುರುತೂ ಒಂದೇ ಕಡೆ ಬಿದ್ದಿದೆ.

ದಾನಿಯೇಲಪ್ಪ ಮೃತ್ಯುಪತ್ರ ಬರೆಯಲಿಲ್ಲ. ಯಾರಾದರೂ ನೆನಪಿಸಿದರೆ, "ಊದಾವಗ ಬರಿಯೂ ಕೆಲಸ ಯಾಕ" ಎನ್ನುತ್ತಿದ್ದ. ಎದೆಯಲ್ಲಿ ನೀರು ತುಂಬಿಕೊಂಡು ಆಸ್ಪತ್ರೆಯಲ್ಲಿ ತೀರಿಹೋದ. ಅಂಗಡಿ, ಅದರ ಜಾಗ, ಬ್ಯಾಂಕಿನ ಖಾತೆ ಎಲ್ಲವೂ ಅವನ ಹೆಸರಿನಲ್ಲಿದ್ದವು. ಕೋರ್ಟಿನಿಂದ ಅಧಿಕಾರ ತರದೆ ಏನನ್ನೂ ಮುಟ್ಟುವಂತಿಲ್ಲ ಎಂದರು. ಅದಕ್ಕೇ ಎಲೀಷ ವಕೀಲರ ಮನೆಗೆ ಹೋದದ್ದು, ಅದಕ್ಕೇ ಪಟ್ಟಿ, ಅದಕ್ಕೇ ಆ ಮೇಜು.

ಗುಮಾಸ್ತ ಪಟ್ಟಿ ಮುಗಿಸಿದ ಮೇಲೆ ವಕೀಲರು ಕನ್ನಡಕ ಏರಿಸಿಕೊಂಡರು.

"ಎಲೀಷಪ್ಪ, ಅಣ್ಣಗ ಮಕ್ಕಳು?"

"ಇಲ್ರಿ."

"ವಿಚಾರ ಮಾಡಿ ಹೇಳ್ರಿ. ಮಕ್ಕಳಿದ್ರ ತಮ್ಮಗ ಏನೂ ಬರೂದಿಲ್ಲ. ಯಾರದೋ ಉಡಿಗೆ ಹಾಕಿದ ಕೂಸು ಇದ್ರೂ ಅಷ್ಟ. ಉಡಿಗೆ ಹಾಕೂದು ನಿಮ್ಮ ಮನಿ ಪದ್ಧತಿ. ನಿಮ್ಮ ಕ್ರಿಶ್ಚನ್ ಕಾಯ್ದೆದಾಗ ಅದು ದತ್ತಕ ಅಲ್ಲ, ಹಡದಾಂವನ ಮಗಳು ಹಡದಾಂವನ ಮಗಳ."

ಮಗಳು ಎಂದು ಅವರು ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದರು. ಎಲೀಷ ನನ್ನನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಬಾಯಿತುಂಡು ಅವನ ಅಂಗೈಯಲ್ಲಿತ್ತು. ಅದನ್ನು ಅದರ ಗುಳಿಯಲ್ಲಿಟ್ಟು ಮುಚ್ಚಳ ಹಾಕಿದ.

"ಇಲ್ರಿ. ಯಾರೂ ಇಲ್ಲ."

ಅದನ್ನೇ ಪ್ರಮಾಣ ಮಾಡಿ ಸಹಿ ಹಾಕಿದ. ಅಲ್ಲಿಯವರೆಗೆ, ಕೊಟ್ಟ ಕೂಸು ನಮ್ಮದಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದನೋ ಏನೋ. ಆಮೇಲೆ ನಂಬಲು ಜಾಗ ಉಳಿಯಲಿಲ್ಲ.

ತಕರಾರು ಇದ್ದವರು ಬರಬೇಕೆಂದು ಪೇಪರಿನಲ್ಲಿ ನೋಟೀಸು ಬಂತು. ಕೋರ್ಟಿನ ಬೇಲೀಫ ಬಂದು ಅಂಗಡಿಯ ಶಟರಿಗೂ ಒಂದು ಅಂಟಿಸಿ ಹೋದ. ಶಟರು ಎಳೆದರೆ ಎಲ್ಲರಿಗೂ ಕಾಣುತ್ತದೆ, ಎತ್ತಿದರೆ ಅದರೊಡನೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಎಲೀಷ ಹಾಲಿನವನಿಗಿಂತ ಮೊದಲು ಬಂದು ಶಟರು ಎತ್ತತೊಡಗಿದ. ಮದುವೆಗಳಿಲ್ಲದ ದಿನವೂ ಎತ್ತಿದ, ಆರಾಧನೆಯ ಹೊತ್ತಿನಲ್ಲೂ ಎತ್ತಿದ.

"ಏನೋ ಎಲೀಷಾ, ಐತವಾರ ದೇವರಿಗೂ ರಜಾ ಕೊಟ್ಟೇನು?" ಎದುರಿನ ಹೂವಿನವಳು ಕೇಳಿದಳು. ಅವನು ಡೋಲಿನ ಹಗ್ಗ ಬಿಗಿಯತೊಡಗಿದ.

ಯಾರೂ ತಕರಾರು ತರಲಿಲ್ಲ. ಅಧಿಕಾರ ಸಿಕ್ಕಿತು. ಬೇರೆಯ ಊದುವವನು ತನ್ನ ಕ್ಲಾರ್ನೆಟ್ಟಿನೊಡನೆ ಬಂದ. ನಾನು ಪೆಟ್ಟಿಗೆಯಲ್ಲೇ ಉಳಿದೆ. ಎಲೀಷ ಆಗಾಗ ಮುಚ್ಚಳ ತೆರೆದು ನೋಡುತ್ತಿದ್ದ. ಒಮ್ಮೆ ನನ್ನನ್ನು ತುಟಿಯವರೆಗೂ ತಂದ. ಈಗ ತಡೆಯುವವರಿರಲಿಲ್ಲ. ಊದಲಿಲ್ಲ. ಅವನ ಡೋಲು ಮೆರವಣಿಗೆಯಲ್ಲಿ ತಾಳ ತಪ್ಪತೊಡಗಿತು. "ಕಾಕಾ, ಕೈಗೆ ಏನಾಗೇತಿ ನಿಮಗ?" ಎಂದು ಹುಡುಗರು ಕೇಳಿದರು. ಕೈಗೆ ಏನೂ ಆಗಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ನನ್ನ ತೂತುಗಳ ಮುಚ್ಚಳದ ಕೀಲುಗಳಿಗೆ ಎಣ್ಣೆ ಹಾಕಿದ. ಬಾಯಿತುಂಡನ್ನು ಸ್ಪಿರಿಟಿನಲ್ಲಿ ಅದ್ದಿ, ಬಟ್ಟೆಯಿಂದ ಉಜ್ಜಿ, ಅಣ್ಣನ ತುಟಿ ತಾಗಿ ಕಪ್ಪಾದ, ದನಿ ಹೊರಡಿಸುವ ಜೊಂಡಿನ ಪಟ್ಟಿ ಕಿತ್ತು ಹೊಸದು ಕಟ್ಟಿದ. ನಾನು ಇಷ್ಟು ಚೊಕ್ಕಟವಾಗಿ, ಇಷ್ಟು ಅನಾಥವಾಗಿ ಎಂದೂ ಇರಲಿಲ್ಲ. ಬೆಟಗೇರಿಯ ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮಾರ್ಥವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಸುವಾರ್ತಾ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದಳು.

"ಬರ್ರಿ ಕಾಕಾ. ಬ್ಯಾಂಡಪ್ಪನ ಮಣ್ಣಿಗೆ ನಾ ಬಂದಾಗ ನೋಡಿದ್ದು ನಿಮ್ಮನ್ನ. ಚಾ ಇಡ್ಲೇನು?"

"ಬ್ಯಾಡವಾ. ಇದನ್ನ ಕೊಟ್ಟು ಹೋಗೂಣು ಅಂತ ಬಂದೆ. ನಿನಗ ಸೇರಬೇಕಾದದ್ದು."

ಅವಳು ಮುಚ್ಚಳ ತೆರೆದಳು. ಬಾಯಿತುಂಡನ್ನು ಎತ್ತಿ ಮೂಗಿನ ಹತ್ತಿರ ಒಯ್ದಳು.

"ತೊಳ್ದೀರೇನು?"

"ಹೂಂ ಮತ್ತ. ಕೊಡೂ ವಸ್ತು ಎಂಜಲ ಇರಬಾರದಲ್ಲ."

ಅವಳು ಬಾಯಿತುಂಡನ್ನು ಅದರ ಗುಳಿಯಲ್ಲಿ ಮೆತ್ತಗೆ ಇಟ್ಟಳು.

"ಪೇಪರ್ ಇಲ್ಲಿಗೂ ಬರ್ತೈತಿ ಕಾಕಾ. ಸಂತಾನ ಇಲ್ಲದ ತೀರಿಕೊಂಡಾರ ಅಂತ ಇತ್ತು. ಓದೀನಿ."

ಎಲೀಷ ತಲೆಯೆತ್ತಿ ಅವಳನ್ನು ನೋಡಿದ. "ಮತ್ತ... ತಕರಾರು ಯಾಕ ಮಾಡ್ಲಿಲ್ಲವಾ?"

"ನೀವ ಹೋಗಿ ತಿದ್ದಿಸ್ತೀರಿ ಅಂತ ಹಾದಿ ಕಾದೆ. ಈಗರೆ ಹೋಗ್ತೀರೇನು? ದಾನಿಯೇಲಪ್ಪಗ ಮಗಳದಾಳ ಅಂತ ಕೋರ್ಟಿನ್ಯಾಗ ಹೇಳ್ತೀರೇನು?"

"ಹೇಳಿದ್ರ ಅಂಗಡಿ ಹೋಗ್ತೈತಿ, ನನ್ನವ್ವಾ. ಸುಳ್ಳು ಪ್ರಮಾಣ ಅಂತ ನನ್ನ ಒಳಗ ಹಾಕ್ತಾರ. ಅದೊಂದು ಬಿಟ್ಟು ಏನ ಬೇಕಾದ್ರೂ ಕೇಳು. ಇದನ್ನರೆ ಇಟ್ಕೋ. ನನ್ನ ಸಲುವಾಗಿ ಇಟ್ಕೋ."

ಹೀಗೆಂದು ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಅವಳ ಉಡಿಗೆ ಹಾಕಿದ. ಅವಳ ಸೆರಗಿನ ಮೇಲೆ ನಾನು ಒಂದು ಗಳಿಗೆ ಇದ್ದೆ. ಹೊಸ ನೂಲಿನ ವಾಸನೆ ಇತ್ತು. ಅವಳ ಉಸಿರು ನನ್ನಿಂದ ಗೇಣು ದೂರದಲ್ಲಿತ್ತು.

ಸುವಾರ್ತಾ ಮುಚ್ಚಳ ಮುಚ್ಚಿದಳು. ನನ್ನನ್ನು ಎತ್ತಿ ತಿರುಗಿ ಅವನ ತೊಡೆಯ ಮೇಲಿಟ್ಟಳು.

"ಒಲ್ಲೆ."