ಆಟದ ದುಡ್ಡು, ಮನೆ ದುಡ್ಡು

ನಮ್ಮವರು ಪೋಕರ್ ಆಡುತ್ತಾರೆ. ಹೊತ್ತು ಕಳೆಯಲು ಅಲ್ಲ, ಹೊಟ್ಟೆಪಾಡಿಗೆ. ಹಾಗೆಂದ ಕೂಡಲೇ ಜನ ನನ್ನ ಕಿವಿ, ಕೊರಳು ನೋಡುತ್ತಾರೆ, ಒಡವೆ ಉಳಿದಿದೆಯೋ ಇಲ್ಲವೋ ಎಂದು. ಉಳಿದಿದೆ. ಇವರಂಥ ಜುಗ್ಗ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಟದ ದುಡ್ಡು ಬೇರೆ, ಮನೆ ದುಡ್ಡು ಬೇರೆ. ಒಂದರ ಗಾಳಿ ಇನ್ನೊಂದಕ್ಕೆ ಸೋಕಬಾರದು. ಆಟದ ದುಡ್ಡಿನಿಂದ ತಿಂಗಳಿಗೊಮ್ಮೆ ತಮಗೆ ತಾವೇ ಸಂಬಳ ಕೊಟ್ಟುಕೊಳ್ಳುತ್ತಾರೆ. ಗೆದ್ದ ತಿಂಗಳೂ ಅಷ್ಟೇ, ಸೋತ ತಿಂಗಳೂ ಅಷ್ಟೇ. ಇಂಥ ನಿಯಮಗಳು ಇನ್ನೂ ಎಷ್ಟೋ ಇವೆ. ಹೇಳಲು ಶುರು ಮಾಡಿದರೆ ತಲೆ ಚಿಟ್ಟು ಹಿಡಿಸುತ್ತಾರೆ.

ಅಂಥವರ ಮೇಲೆ ನನಗೆ ಅನುಮಾನ ಬಂದದ್ದು ಒಂದು ಶುಕ್ರವಾರ, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ. ಇವರ ಜೊತೆ ಆಡುವ ಒಬ್ಬರ ಹೆಂಡತಿ ಸಡಿಲವಾದ ಕನ್ನಡಕ ಬಿಗಿ ಮಾಡಿಸಲು ಬಂದಿದ್ದಳು. ನಾನು ಪುಟ್ಟ ತಿರುಪು ಹಾಕುತ್ತಿದ್ದೆ.

“ನಿಮ್ಮವರು ಬಿಡಿ, ದೊಡ್ಡ ಮನುಷ್ಯರಾಗ್ಬಿಟ್ರು,” ಎಂದಳು. “ನಮ್ಮವರ ಮೇಜಿಗೆ ಬಂದು ಎಷ್ಟೋ ದಿನ ಆಯ್ತಂತೆ. ಮೇಲಿನ ಕೋಣೆಗೆ ಹತ್ತಿರ್ಬೇಕು ಅಂತ ಎಲ್ರೂ ಮಾತಾಡ್ಕೋತಿದಾರೆ.”

ತಿರುಪು ಕೈಜಾರಿ ಎಲ್ಲೋ ಉರುಳಿತು. ಇವರು ಆಡುವ ಕ್ಲಬ್ಬಿನ ಮೇಲಿನ ಕೋಣೆ ಎಂದರೆ ಮಿತಿಯೇ ಇಲ್ಲದ ಆಟ. ಲಾರಿ ಮಾಲೀಕನಾಗಿ ಅಲ್ಲಿಗೆ ಹತ್ತಿದವನೊಬ್ಬ ಲಾರಿ ಕ್ಲೀನರ್ ಆಗಿ ಇಳಿದ ಕಥೆಯನ್ನು ಇವರೇ ನನಗೆ ಹೇಳಿದ್ದರು. ನಮಗೋ ಸೋಮವಾರ ಮನೆ ಕೊಳ್ಳುವುದಕ್ಕೆ ಮುಂಗಡ ಕೊಡಬೇಕಿತ್ತು. ಬಾಡಿಗೆ ಮನೆಗಳಲ್ಲಿ ಸಾಮಾನು ಬಿಚ್ಚಿ ಕಟ್ಟಿ ಸುಸ್ತಾದ ಮೇಲೆ, ಕೊನೆಗೂ ನಮ್ಮದು ಅಂತ ಎರಡು ಕೋಣೆ. ಆ ಹಣವೆಲ್ಲ ಇವರ ಕೈಯಲ್ಲೇ ಇತ್ತು. ಕೇಳಿದಾಗಲೆಲ್ಲ “ಇದೆ, ಇದೆ” ಎನ್ನುತ್ತಿದ್ದರು. ಇತ್ತೀಚೆಗೆ ಮುಖ ಕೊಟ್ಟು ಹೇಳುತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಹೊಟ್ಟೆನೋವು ಎಂದು ಅಂಗಡಿಯ ಮಾಲೀಕರಿಗೆ ಹೇಳಿ ಹೊರಟೆ. ಪೂರ್ತಿ ಸುಳ್ಳೇನಲ್ಲ, ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಕ್ಲಬ್ಬಿನ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿದೆ. ಮೇಲಿನ ಕೋಣೆಯ ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ.

“ಮೇಷ್ಟ್ರನ್ನ ಕರೀರಿ,” ಎಂದೆ. ಸಿಕ್ಕಸಿಕ್ಕವರಿಗೆಲ್ಲ ಪಾಠ ಹೇಳುತ್ತಾರೆಂದು ಅಲ್ಲಿ ಇವರಿಗೆ ಅದೇ ಹೆಸರು.

“ಮೇಷ್ಟ್ರಾ? ಅವರೆಲ್ಲಿ ಇಲ್ಲಿಗೆ ಬರ್ತಾರಮ್ಮಾ! ಕೆಳಗಡೆ ನೋಡಿ.”

“ಯಾವಾಗ್ಲೂ ಆಡೋ ನಡುವಿನ ಮಹಡೀಲಿ ಇಲ್ವಂತಲ್ಲ?”

“ಅದಕ್ಕೂ ಕೆಳಗೆ. ಗಾಡಿ ನಿಲ್ಲಿಸೋ ಜಾಗದ ಪಕ್ಕ.”

ಇಳಿದೆ. ನೆಲಮಾಳಿಗೆಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೇಜಿನ ಹಸಿರು ಬಟ್ಟೆ ಹರಿದ ಕಡೆಯೆಲ್ಲ ಟೇಪು ಅಂಟಿಸಿದ್ದರು. ಸುತ್ತ ಒಬ್ಬ ನಿವೃತ್ತ ನರ್ಸ್, ಕಿವಿ ಮಂದವಾದ ಒಬ್ಬ ತಾತ, ಕಾಲೇಜಿಗೆ ಚಕ್ಕರ್ ಹೊಡೆದ ಮೂವರು. ಗೆದ್ದರೆ ಚಹಾ ಖರ್ಚು ಹುಟ್ಟುವಂಥ ಆಟ. ಇವರೆಲ್ಲರ ನಡುವೆ, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯಲ್ಲಿ, ರಾಜ್ಯವನ್ನೇ ಪಣಕ್ಕಿಟ್ಟವರಂಥ ಮುಖ ಮಾಡಿಕೊಂಡು ನಮ್ಮವರು ಕೂತಿದ್ದರು.

“ಬೇಗ ಆಡಿ ಮೇಷ್ಟ್ರೇ, ನನ್ನ ಮಾತ್ರೆಗೆ ಹೊತ್ತಾಯ್ತು,” ಎಂದು ನರ್ಸಮ್ಮ ಗದರಿದರು.

ನನ್ನನ್ನು ಕಂಡು ಇವರ ಮುಖ ಬಿಳಿಚಿಕೊಂಡಿತು. ಆದರೂ ಕಸುಬು ಬಿಡಬೇಕಲ್ಲ! “ಒಂದ್ನಿಮಿಷ, ಈ ಆಟ ಮುಗೀಲಿ,” ಎಂದರು. ಮುಗಿಯಿತು. ನರ್ಸಮ್ಮ ಗೆದ್ದರು.

ಇವರನ್ನು ಮೆಟ್ಟಿಲ ಬಳಿಗೆ ಎಳೆದುಕೊಂಡು ಬಂದೆ. “ಏನ್ರೀ ಇದು?”

“ಒಂದೇ ಸಮ ಸೋತೆ ಕಣೆ. ಆಡಿದ್ದೇನೂ ತಪ್ಪಿಲ್ಲ, ಎಲೆ ಕೈ ಹಿಡೀಲಿಲ್ಲ. ಆಟದ ದುಡ್ಡು ಅರ್ಧಕ್ಕೆ ಬಂತು. ಅರ್ಧಕ್ಕೆ ಬಂದ್ರೆ ಕೆಳಗಿನ ಮೇಜಿಗೆ ಇಳೀಬೇಕು ಅಂತ ನಿಯಮ ಇದೆಯಲ್ಲ.”

“ನೀವೇ ಮಾಡಿದ್ದು.”

“ಹೌದು. ಮಾಡೋವಾಗ ಅದು ಬೇರೆಯವರಿಗೆ ಅನ್ಕೊಂಡಿದ್ದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲೋಕದಲ್ಲಿ ಗಂಡಸರು ಮನೆಯವರಿಂದ ಹುಚ್ಚಾಟ ಮುಚ್ಚಿಡುತ್ತಾರೆ. ಈ ಮಹಾನುಭಾವರು ಬುದ್ಧಿವಂತಿಕೆಯನ್ನು ಮುಚ್ಚಿಟ್ಟು, ದಿನಾ ಕಳ್ಳನ ಹಾಗೆ ನೆಲಮಾಳಿಗೆಗೆ ಇಳಿಯುತ್ತಿದ್ದರು!

“ನನಗೆ ಹೇಳೋಕೇನಾಗಿತ್ತು?”

“ಆ ಕಾಲೇಜು ಮಕ್ಕಳು ನನ್ನ ನೋಡಿ ನಗ್ತಾರೆ. ಮನೇಲೂ ಅದೇ ಆಗೋದು ಬೇಡ ಅನ್ನಿಸ್ತು.”

“ಮುಂಗಡ?” ಎಂದೆ.

“ಅಮ್ಮನ ಹತ್ರ ಇದೆ. ಸೋಲು ಶುರುವಾದಾಗ್ಲೇ ಕೊಟ್ಬಿಟ್ಟೆ. ಯಾರು ಕೇಳಿದ್ರೂ ಕೊಡಬೇಡ, ನಾನು ಕಾಲಿಗೆ ಬಿದ್ರೂ ಕೊಡಬೇಡ ಅಂದಿದ್ದೆ.” ತಲೆ ತಗ್ಗಿಸಿದರು. “ಹೋದ ವಾರ ಕೇಳೋಕೆ ಹೋಗಿದ್ದೆ. ಮೇಲಿನ ಕೋಣೇಲಿ ಒಂದೇ ಒಂದು ಸಲ ಕೂತ್ರೆ ಎಲ್ಲಾ ವಾಪಸ್ ಬರುತ್ತೆ ಅನ್ನಿಸ್ಬಿಡ್ತು.”

“ಕೊಟ್ರಾ?”

“ಪೊರಕೆ ತಗೊಂಡ್ಲು.”

ಹೋದ ಜೀವ ಬಂದಂತಾಯಿತು. ಆದರೂ ನನ್ನ ಕಿವಿಯಾರೆ ಕೇಳದೆ ಸಮಾಧಾನವಿಲ್ಲ. ಅಲ್ಲೇ ನಿಂತು ಅತ್ತೆಗೆ ಫೋನ್ ಹಚ್ಚಿದೆ.

“ಅತ್ತೆ, ನಾನು. ಮುಂಗಡದ ದುಡ್ಡು ನಿಮ್ಮ ಹತ್ರ ಇದೆಯಂತಲ್ಲ...”

“ಓಹೋ! ಈಗ ನಿನ್ನ ಛೂ ಬಿಟ್ಟಿದಾನಾ ಅವನು? ನಿನಗೂ ಕೊಡಲ್ಲ ಹೋಗು. ಸೋಮವಾರ ಆ ಮನೆ ಮಾರೋನ ಕೈಗೆ ನಾನೇ ಎಣಿಸಿ ಕೊಡ್ತೀನಿ. ಗಂಡನಿಗೆ ಬುದ್ಧಿ ಹೇಳೋದು ಬಿಟ್ಟು ಅವನು ಕುಣಿಸಿದ ಹಾಗೆ ಕುಣೀತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಕಣ್ಣಲ್ಲಿ ದಳದಳ ನೀರು, ಬಾಯಲ್ಲಿ ನಗು. ಅತ್ತೆ ನಿಲ್ಲಿಸಲೇ ಇಲ್ಲ. ನನ್ನ ತವರಿನವರನ್ನೂ ಒಂದು ಸುತ್ತು ಜಾಲಾಡಿದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಇಷ್ಟು ಹಿತವಾಗಿ ಅವರು ಯಾವತ್ತೂ ಬೈದಿರಲಿಲ್ಲ.

“ಇನ್ನೂ ಬೈಯಿರಿ ಅತ್ತೆ,” ಎಂದೆ.