ಕಪಾಟಿನ ಹಿಂದಿನ ತೂತು

"ಕಪಾಟು ಸರಿಸು ಅಂದ್ರೆ ಸರಿಸಬೇಕಪ್ಪ. ಅದರ ಹಿಂದೆ ಏನು ನಿಧಿ ಬಚ್ಚಿಟ್ಟಿದ್ದೀಯ?"

"ಮುಟ್ಟಿ ನೋಡು. ಕೈ ಮುರಿದು ಕೈಗೇ ಕೊಡ್ತೀನಿ."

"ಇಪ್ಪತ್ತೆರಡು ಮನೆ ಕಣಯ್ಯ ಮೇಸ್ತ್ರಿ. ನಿನ್ನೊಬ್ಬನ ಹಟಕ್ಕೆ ಇಪ್ಪತ್ತೆರಡು ಮನೆಯವರೂ ಬೇಯಬೇಕಾ?"

"ನಂದೂ ಅದರಲ್ಲೊಂದು. ನಾನೂ ಬೇಯ್ತೀನಿ, ನಡಿ."

ಮೇಸ್ತ್ರಿ ತನ್ನ ಅಡುಗೆಮನೆಯ ಕಪಾಟಿಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಅಗಲಿಸಿ ನಿಂತಿದ್ದ. ಎದುರಿಗೆ ಕೂಗಾಡುತ್ತಿದ್ದವನು ಕಂಡಕ್ಟರ್. ಬಸ್ಸಿನ ಕೆಲಸ ಬಿಟ್ಟು ಆರು ವರ್ಷವಾಗಿತ್ತು, ಗಂಟಲು ಮಾತ್ರ ಇನ್ನೂ ಹಿಂದಿನ ಸೀಟಿನವರೆಗೆ ಮುಟ್ಟುವಂಥದ್ದು. ಒಂದಕ್ಕೊಂದು ಅಂಟಿಕೊಂಡಿದ್ದ ಆ ಸಾಲುಮನೆಗಳ ಸಂಘಕ್ಕೆ ಅವನೇ ಅಧ್ಯಕ್ಷ. ಬಡವರ ಮನೆಗಳ ಬಿಸಿಲ ತಾಪ ಇಳಿಸಲು, ಕರೆಂಟಿನ ಖರ್ಚು ತಗ್ಗಿಸಲು ಸರ್ಕಾರ ಒಂದು ನಿಧಿ ತೆಗೆದಿದೆ ಎಂದು ಅವನು ಎಲ್ಲೋ ಓದಿದ್ದ. ಆವತ್ತಿನಿಂದ ಎರಡು ವರ್ಷ ಅರ್ಜಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಿದ್ದ. ನಿಧಿ ಸಿಕ್ಕರೆ ತಾರಸಿಗೆ ಶಾಖ ತಡೆಯುವ ಹೊದಿಕೆ, ಎರಡು ಪದರದ ಗಾಜಿನ ಕಿಟಕಿ, ಮೇಲೆ ಸೋಲಾರ್. ಬೇಸಿಗೆಯಲ್ಲಿ ಅವನ ಹೆಂಡತಿ ಮಧ್ಯಾಹ್ನವೆಲ್ಲ ಒದ್ದೆ ಟವೆಲು ಹೊದ್ದು ಬಚ್ಚಲಲ್ಲಿ ಕೂತಿರುತ್ತಿದ್ದಳು. ಅವನ ಅಲೆದಾಟಕ್ಕೆ ಅದೇ ಕಾರಣ.

ನಿಧಿಗೆ ಒಂದು ಷರತ್ತಿತ್ತು. ಸಾಲಿನಲ್ಲಿ ಒಂದು ಮನೆಯನ್ನು ಪರೀಕ್ಷೆ ಮಾಡುತ್ತಾರೆ. ಆ ಮನೆಯ ಗೋಡೆ, ಬಾಗಿಲು, ಕಿಟಕಿಗಳ ಸಂದಿಯಲ್ಲಿ ಗಾಳಿ ಸೋರಬಾರದು. ಗಾಳಿ ಸೋರುವ ಮನೆಗೆ ಎಷ್ಟು ಹೊದಿಕೆ ಹಾಕಿದರೂ ತೂತು ಕೊಡಕ್ಕೆ ನೀರು ತುಂಬಿದ ಹಾಗೆ ಎಂಬುದು ಅವರ ವಾದ. ಆ ಮನೆ ಪಾಸಾದರೆ ಎಲ್ಲ ಮನೆಗೂ ದುಡ್ಡು. ಕಂಡಕ್ಟರ್ ಎರಡು ಸಲ ಯೋಚಿಸದೆ ಮೇಸ್ತ್ರಿಯ ಮನೆಯ ನಂಬರ್ ಬರೆದುಕೊಟ್ಟಿದ್ದ. ಗಾರೆ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸುತ್ತಲ್ಲಿ ಇರಲಿಲ್ಲ. ಹೊದಿಕೆ ಹಾಕುವ ಹೊತ್ತಿಗೆ ಉಳಿದ ಮನೆಗಳೂ ಸೋರಬಾರದೆಂದು ಮೂರು ತಿಂಗಳು ಮೇಸ್ತ್ರಿ ಬಿಟ್ಟಿಯಾಗಿ ಮನೆಮನೆಗೆ ಹೋಗಿ ಕಿಟಕಿ ಚೌಕಟ್ಟಿನ ಬಿರುಕುಗಳನ್ನೆಲ್ಲ ಮುಚ್ಚಿದ್ದ. ಒಂದು ಮನೆಗೆ ಮಾತ್ರ ಕಾಲಿಡಲಿಲ್ಲ. ಅದರ ಬಾಗಿಲಲ್ಲಿ ಅರ್ಧ ಚೀಲ ಸಿಮೆಂಟು ಇಟ್ಟು, ಬಾಗಿಲು ಬಡಿಯದೆ ಬಂದಿದ್ದ. ಅದು ಪಕ್ಕದ ಮನೆ, ಅವನ ಅಕ್ಕನದು.

ಬೆಳಿಗ್ಗೆ ಬಂದ ಇಂಜಿನಿಯರ್ ಹುಡುಗಿ ಮೇಸ್ತ್ರಿಯ ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನು ಕೂರಿಸಿ ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಸಿದ್ದಳು. ಆಮೇಲೆ ಹೊಗೆಯಾಡುವ ಕಡ್ಡಿಯೊಂದನ್ನು ಗೋಡೆಯುದ್ದಕ್ಕೂ ಹಿಡಿಯುತ್ತ ಬಂದಳು. ಎಲ್ಲ ಕಡೆ ನೆಟ್ಟಗೆ ಏಳುತ್ತಿದ್ದ ಹೊಗೆ ಕಪಾಟಿನ ಹತ್ತಿರ ಯಾರೋ ಊದಿದ ಹಾಗೆ ಚದುರಿತು.

"ಇದರ ಹಿಂದೆ ಏನೋ ದೊಡ್ಡ ತೂತಿದೆ ಸಾರ್. ಅದನ್ನೊಂದು ಮುಚ್ಚಿಬಿಟ್ಟರೆ ಪಾಸು. ಇವತ್ತೇ ಕಡೇ ದಿನ, ನೋಡಿ."

ತೂತಿದೆ ಎಂದು ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಎರಡು ಮನೆಗಳನ್ನು ಅಕ್ಕ ತಮ್ಮ ಸೇರಿಯೇ ಕಟ್ಟಿದ್ದರು. ಅವನು ಇಟ್ಟಿಗೆ ಇಟ್ಟ, ಅವಳು ಗಾರೆ ಕಲಸಿ ಹೊತ್ತು ಕೊಟ್ಟಳು. ಗೋಡೆ ಎತ್ತರಿಸುವಾಗ ಹತ್ತಿ ನಿಲ್ಲುವ ಸಾರವೆಯ ಕಂಬ ಸಿಕ್ಕಿಸಲು ಬಿಟ್ಟ ತೂತುಗಳನ್ನು ಕೊನೆಯಲ್ಲಿ ಮುಚ್ಚುವುದು ವಾಡಿಕೆ. ಎರಡೂ ಅಡುಗೆಮನೆಗಳ ನಡುವಿನ ಒಂದನ್ನು ಮುಚ್ಚಬೇಡ ಎಂದವಳು ಅವ್ವ. ಮಗನ ಮನೆಯಲ್ಲಿದ್ದುಕೊಂಡೇ ಮಗಳೊಂದಿಗೆ ಮಾತಾಡಬಹುದಲ್ಲ ಎಂದು. "ಉಪ್ಪಿದೆಯೇನೇ?" ಎಂದು ಇಲ್ಲಿಂದ ಕೂಗಿದರೆ ಅಲ್ಲಿಂದ ಅಕ್ಕ, "ನಿನ್ನ ಮಗನಿಗೆ ದುಡಿದು ತರೋಕೆ ಹೇಳು" ಅನ್ನುತ್ತಿದ್ದಳು. ಮೂವರೂ ನಗುತ್ತಿದ್ದರು.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮೇಸ್ತ್ರಿ ಕೆಲಸಕ್ಕೆ ಹೋಗಿದ್ದಾಗ, ಅವ್ವ ಅಡುಗೆಮನೆಯಲ್ಲಿ ಕುಸಿದು ಪ್ರಾಣ ಬಿಟ್ಟಳು. ಹೆಣ ಇನ್ನೂ ಮನೆಯಲ್ಲಿರುವಾಗಲೇ ಅವನು ಅಕ್ಕನಿಗೆ ಅಂದಿದ್ದ: "ಎಷ್ಟು ಕೂಗಿದಳೋ ಏನೋ. ನಿನ್ನ ಹೊಲಿಗೆ ಮಿಷನ್ನಿನ ಸದ್ದಲ್ಲಿ ನಿನಗೆಲ್ಲಿ ಕೇಳಬೇಕು."

ಅವ್ವ ಕೂಗಿದಳೋ ಇಲ್ಲವೋ ಯಾರಿಗೆ ಗೊತ್ತು. ಆಡಿದ ಮಾತು ಮಾತ್ರ ಆಡಿದ ಹಾಗೇ ಉಳಿಯಿತು. ಮರುದಿನವೇ ಅವನು ಕಪಾಟು ಎಳೆದು ತೂತಿಗೆ ಅಡ್ಡ ನಿಲ್ಲಿಸಿದ. ಅಕ್ಕ ಆಮೇಲೆ ಮಾತಾಡಲಿಲ್ಲ, ಇವನೂ ಆಡಲಿಲ್ಲ.

ಆದರೆ ಕಪಾಟಿನ ಹಿಂದಿನಿಂದ ಮಿಷನ್ನಿನ ಸದ್ದು ಬರುತ್ತಿತ್ತು. ಆಸ್ಪತ್ರೆಯೊಂದಕ್ಕೆ ಅಕ್ಕ ದಿಂಬಿನ ಚೀಲ ಹೊಲಿಯುತ್ತಿದ್ದಳು. ಸದ್ದು ಶುರುವಾದರೆ ಇವನು ಟೀಗೆ ನೀರಿಡುತ್ತಿದ್ದ, ನಿಂತರೆ ಊಟಕ್ಕೆ ಏಳುತ್ತಿದ್ದ. ನಡುವೆ ದಾರ ತುಂಡಾದರೆ ಅವಳು ಬೈದುಕೊಳ್ಳುವುದೂ ಕೇಳುತ್ತಿತ್ತು. ಹೆಂಡತಿ ಮಕ್ಕಳಿಲ್ಲದ ಮನೆಯಲ್ಲಿ ಅವನ ಕಿವಿಗೆ ಬೀಳುತ್ತಿದ್ದ ಬಂಧುತ್ವ ಅಷ್ಟೇ. ತೂತು ಇರುವುದು ಅಕ್ಕನಿಗೆ ಮರೆತೇ ಹೋಗಿರಬೇಕು ಎಂದುಕೊಂಡಿದ್ದ. ಅದನ್ನೆಲ್ಲ ಕಂಡಕ್ಟರಿಗೆ ಹೇಳುವುದೆಂತು? ನಕ್ಕುಬಿಟ್ಟಾನು.

ಜಗಳ ಬೀದಿಗೆ ಬಂತು. ಮನೆಮನೆಯಿಂದ ಜನ ಹೊರಗೆ ಬಂದರು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಒಬ್ಬಳು ಬಸುರಿ.

"ಬೀಳಬೇಡಮ್ಮ, ಆಮೇಲೆ ಏಳಿಸೋರು ಯಾರು," ಎಂದ ಮೇಸ್ತ್ರಿ. ಯಾರೂ ನಗಲಿಲ್ಲ.

"ಇವನ ಎದೆಗೆ ಮೊದಲೇ ಸಿಮೆಂಟು ಹಾಕಿಬಿಟ್ಟಿದ್ದಾರೆ," ಎಂದ ಕಂಡಕ್ಟರ್. "ಅಲ್ಲಿ ಒಂದು ಸಂದೀನೂ ಇಲ್ಲ."

ಆಗ ಅಕ್ಕ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಕಪಾಟು, ತೂತು, ಕಡೇ ದಿನ, ಎಲ್ಲವನ್ನೂ ಕೇಳಿಸಿಕೊಂಡಳು. ಎಂಟು ವರ್ಷದಲ್ಲಿ ಮೊದಲ ಸಲ ತಮ್ಮನನ್ನು ನೆಟ್ಟಗೆ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಂಜಿನಿಯರ್ ಹುಡುಗಿ ಕನಿಕರದವಳು. "ಊಟ ಮಾಡಿ ಬರ್ತೀನಿ. ನಾಲ್ಕು ಗಂಟೆಗೆ ಇನ್ನೊಂದೇ ಸಲ ನೋಡೋಣ. ಅಷ್ಟರೊಳಗೆ ಮನಸ್ಸು ಮಾಡಿ ಸಾರ್," ಎಂದು ಹೊರಟಳು.

ಮೇಸ್ತ್ರಿ ಮನಸ್ಸು ಮಾಡಲಿಲ್ಲ. ಎದುರಿನ ಗೋಡೆಯ ಗೇಣಗಲ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತ. ಕಂಡಕ್ಟರ್ ಮುಖ ತಿರುವಿಕೊಂಡು ಆಚೆ ತುದಿಯಲ್ಲಿ ಕೂತ. ಇಬ್ಬರೂ ಉಣ್ಣಲಿಲ್ಲ.

ನಾಲ್ಕು ಗಂಟೆಗೆ ಫ್ಯಾನು ತಿರುಗಿತು. ಹುಡುಗಿ ಫ್ಯಾನಿಗೆ ಜೋಡಿಸಿದ್ದ ಅಳತೆ ಡಬ್ಬಿಯಲ್ಲಿ ಅಂಕಿ ನೋಡಿದಳು, ನಂಬದೆ ಇನ್ನೊಮ್ಮೆ ನೋಡಿದಳು. ಕಡ್ಡಿ ಹಚ್ಚಿ ಕಪಾಟಿನ ಹತ್ತಿರ ಹಿಡಿದಳು. ಹೊಗೆ ನೆಟ್ಟಗೆ ಎದ್ದಿತು.

"ಪಾಸು," ಎಂದಳು.

ಬೀದಿಯೆಲ್ಲ ಗದ್ದಲವೆದ್ದಿತು. ಕಂಡಕ್ಟರ್ ಬಂದು ಮೇಸ್ತ್ರಿಯನ್ನು ತಬ್ಬಿದ. "ಯಾವ ಮಾಯದಲ್ಲಿ ಮುಚ್ಚಿದೆಯೋ ಕಳ್ಳ? ಬೈದದ್ದೆಲ್ಲ ವಾಪಸ್ಸು ತಗೊಂಡೆ, ಹೋಗು."

"ನಾನು ಮುಚ್ಚಿಲ್ಲ," ಎಂದ ಮೇಸ್ತ್ರಿ. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಒಳಗೆ ಹೋಗಿ ಕಪಾಟು ಎಳೆದ. ಸ್ಟೂಲು ಹತ್ತಿ ತೂತಿಗೆ ಕೈ ಹಾಕಿದ. ಮುಂಗೈ ಮುಳುಗುವಷ್ಟರಲ್ಲಿ ಬೆರಳಿಗೆ ತಣ್ಣಗೆ ತಗುಲಿತು. ಹೊರತೆಗೆದು ನೋಡಿದರೆ ಹಸಿ ಸಿಮೆಂಟು, ಅದರಲ್ಲಿ ದಿಂಬಿನ ಚೀಲದ ಬಿಳಿ ದಾರದ ಎಳೆ. ಹೆಬ್ಬೆರಳಲ್ಲಿ ಉಜ್ಜಿದ. ಹದ ಸರಿಯಾಗಿತ್ತು. ಅವನೇ ಕಲಿಸಿದ ಹದ.

ಅವಳಿಗೆ ಮರೆತಿರಲಿಲ್ಲ ಹಾಗಾದರೆ. ಇಷ್ಟು ವರ್ಷ ಅವಳೇ ಬಿಟ್ಟುಕೊಂಡಿದ್ದಳು, ಇವತ್ತು ಅವಳೇ ಮುಚ್ಚಿದಳು. ಗೋಡೆಗೆ ಕಿವಿಯಿಟ್ಟ. ಏನೂ ಇಲ್ಲ. ಅವಳು ಹೊಲಿಯುತ್ತಿದ್ದರೂ ಇನ್ನು ಗೊತ್ತಾಗುವುದಿಲ್ಲ. ಅವ್ವ ಸತ್ತ ದಿನ ತಾನು ಬಾಯಲ್ಲಿ ಅಂದದ್ದಕ್ಕೆ ಅವಳು ಕೈಯಲ್ಲಿ ಉತ್ತರ ಕೊಟ್ಟಳು ಎನ್ನಿಸಿ ಕಿವಿ ಬಿಸಿಯಾಯಿತು.

ತನ್ನ ಕಡೆಯದನ್ನೂ ಮುಚ್ಚಿದ. ಚೆನ್ನಾಗಿ ಮಟ್ಟ ಮಾಡಿ, ಎಲ್ಲಿತ್ತು ಎಂದು ತಿಳಿಯದ ಹಾಗೆ ನುಣುಪು ಮಾಡಿದ. ಕರಣೆ ತೊಳೆದು, ಎರಡು ಜೊತೆ ಬಟ್ಟೆಯೊಂದಿಗೆ ಚೀಲಕ್ಕೆ ಹಾಕಿ, ಬೀಗದ ಕೈಯನ್ನು ಕಂಡಕ್ಟರಿಗೆ ಕೊಟ್ಟ.

"ಎಲ್ಲಿಗಯ್ಯ? ತಾರಸಿ ಕೆಲಸ ಮುಂದಿನ ತಿಂಗಳೇ ಶುರು."

"ಬೇರೆ ಕಡೆ ಕೆಲಸ ಇದೆ."

"ಯಾವಾಗ ಬರ್ತೀಯ?"

"ಅಡುಗೆಮನೆ ಗೋಡೆಗೆ ಒಂದು ವಾರ ನೀರು ಹಾಕು. ಇಲ್ಲಾಂದ್ರೆ ಬಿರುಕು ಬಿಡುತ್ತೆ."

ಅಕ್ಕನ ಮನೆಯನ್ನು ದಾಟಿಕೊಂಡೇ ಹೋಗಬೇಕಿತ್ತು. ಯಾವಾಗಲೂ ಮುಚ್ಚಿರುತ್ತಿದ್ದ ಬಾಗಿಲು ಇವತ್ತು ಪೂರ್ತಿ ತೆರೆದಿತ್ತು. ಹೊಸ್ತಿಲ ಒಳಗೆ ಎರಡು ಕುರ್ಚಿ ಎದುರುಬದುರಾಗಿದ್ದವು. ಮಿಷನ್ನಿನ ಸದ್ದಿರಲಿಲ್ಲ. ಸೆಕೆಗೆ ತೆಗೆದಿರಬೇಕು, ಯಾರೋ ಗಿರಾಕಿ ಬರುವವರಿರಬೇಕು ಎಂದುಕೊಂಡ. ನಡಿಗೆ ನಿಧಾನ ಮಾಡಲಿಲ್ಲ. ಬೀದಿಯ ಮೂಲೆಯಲ್ಲಿ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡು ತಿರುಗಿದ. ಮತ್ತೆ ಅವನು ಆ ಸಾಲಿಗೆ ಬರಲಿಲ್ಲ.