ಬೆನ್ನಿನ ಬಟ್ಟೆ

ಏಳು ವರ್ಷದ ಮೊಮ್ಮಗಳು ಲುಸುಂಗುವನ್ನು ನ್ಯಾಗೊಂಡ್ವೆ ಅಜ್ಜಿ ಇನ್ನೂ, ಹೆಂಗಸರು ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದಳು. ಹುಟ್ಟಿದಾಗಿನಿಂದ ಹುಡುಗಿಯ ಹೃದಯದಲ್ಲಿ ತೂತು. ನಾಲ್ಕು ಹೆಜ್ಜೆ ಹಾಕಿದರೆ ತುಟಿ ನೀಲಿಗಟ್ಟಿ, ಉಸಿರಿಗಾಗಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದಳು. ಅವಳು ಕೂತಳೆಂದರೆ ಅಜ್ಜಿ ಆ ಬಟ್ಟೆ ಹರವಿ ಬೆನ್ನಿಗೇರಿಸಿಕೊಳ್ಳಬೇಕು.

ಈಗ ಆಪರೇಷನ್ ಆಗಿ ಎದೆಯ ಗಾಯವೂ ಮಾಗಿತ್ತು. ಹುಡುಗಿ ಮಾತ್ರ ಬೆನ್ನಿನಿಂದ ಇಳಿದಿರಲಿಲ್ಲ. ಆಸ್ಪತ್ರೆಯಿಂದ ವ್ಯಾಯಾಮ ಕಲಿಸಲು ಬಂದ ತಿಯೋಂಗೆ ಎಂಬ ಯುವತಿ ಇದನ್ನು ನೋಡಿ ತಲೆ ಚಚ್ಚಿಕೊಂಡಳು.

"ಅಲ್ಲಜ್ಜಿ, ಡಾಕ್ಟ್ರು ಹೃದಯ ರಿಪೇರಿ ಮಾಡಿದ್ದು ನಿನ್ ಬೆನ್ ಮೇಲೆ ಮೆರವಣಿಗೆ ಹೋಗ್ಲಿ ಅಂತಲಾ? ಗುಡ್ಡದ ಸ್ಕೂಲಿಗೆ ಅವಳೇ ಹತ್ಲಿ. ನಡೆದಷ್ಟೂ ಗಟ್ಟಿಯಾಗ್ತಾಳೆ."

"ದಾರೀಲಿ ಕೂತ್ಬಿಟ್ರೆ?"

"ತುಟಿ ನೋಡು, ಉಗುರು ನೋಡು. ನೀಲಿ ಇಲ್ದಿದ್ರೆ ಸುಮ್ನಿರು."

"ಇನ್ನೂ ಹೆತ್ತಿಲ್ವಲ್ಲ, ಅದಕ್ಕೇ ನಿಂಗೆ ಮಾತು ಸಲೀಸು," ಎಂದು ಗೊಣಗಿದ ಅಜ್ಜಿ, ಮರುದಿನ ಬೆಳಿಗ್ಗೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೇ ಹೊರಟಳು.

ಲುಸುಂಗು ಮುಂದೆ, ಅಜ್ಜಿ ಹಿಂದೆ. ಮರಗೆಣಸಿನ ಹೊಲ ದಾಟಿತು, ಉಸಿಪ ಮೀನು ಒಣಹಾಕಿದ ಅಟ್ಟಣೆ ದಾಟಿತು. ಏರು ಶುರುವಾದಾಗ ಅಜ್ಜಿಯ ಎದೆ ಡವಡವ ಎನ್ನತೊಡಗಿತು. ಭಯಕ್ಕೋ ಏರಿಗೋ ಅವಳಿಗೇ ತಿಳಿಯಲಿಲ್ಲ. ಶಾಲೆಯ ಮಾವಿನ ಮರ ಕಾಣುವ ತಿರುವಿನಲ್ಲಿ ಹುಡುಗಿ ತಟ್ಟನೆ ಕುಕ್ಕರುಗಾಲಲ್ಲಿ ಕೂತಳು.

ಅಜ್ಜಿಯ ಜೀವ ಬಾಯಿಗೆ ಬಂತು. ಆಪರೇಷನ್ನೂ ಇಲ್ಲ ಮಣ್ಣೂ ಇಲ್ಲ, ಎಲ್ಲ ಹೋಯಿತು ಎಂದುಕೊಂಡು ಹೆಗಲ ಬಟ್ಟೆ ಹರವುತ್ತ ಓಡಿದಳು. ಮಂಡಿಯೂರಿ ತುಟಿ ನೋಡಿದಳು, ಉಗುರುಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ನೀಲಿ ಎಲ್ಲೂ ಇರಲಿಲ್ಲ.

"ಯಾಕ್ ಮಗಾ ಕೂತೆ? ಉಸಿರು ಕಟ್ತಾ?" ಎಂದಳು ಏದುಸಿರಿನಲ್ಲೇ.

"ನಂಗಲ್ಲ, ನಿಂಗೆ. ಆಗ್ಲಿಂದ ಬುಸ್ ಬುಸ್ ಅಂತಿದ್ದೀಯ. ನೀನು ಬರ್ಲಿ ಅಂತ ಕೂತೆ."

ಅಜ್ಜಿ ಅಲ್ಲೇ ಕುಸಿದು ಕೂತಳು. ಮೊದಲು ನಗು ಬಂತು, ಅದರ ಬೆನ್ನಿಗೇ ಅಳು. ಇಷ್ಟು ದೊಡ್ಡ ಸಂತೋಷ ಅವಳ ಆಯುಸ್ಸಿನಲ್ಲೇ ಆಗಿರಲಿಲ್ಲ.

ಮೇಲೆ ಶಾಲೆಯ ಗಂಟೆ ಹೊಡೆಯಿತು. ಲುಸುಂಗು ಎದ್ದು, ಅಜ್ಜಿಯ ಕೈಯಿಂದ ಬಟ್ಟೆ ಕಿತ್ತುಕೊಂಡು, ದೊಡ್ಡ ಹೆಂಗಸರ ಹಾಗೆ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಅಂಚು ನೆಲದ ಮಣ್ಣು ಗುಡಿಸುತ್ತಿತ್ತು.

"ಇನ್ಮೇಲೆ ಇದು ನಂದು. ನೀನು ಮೆಲ್ಲಗೆ ಬಾ."

"ಓಡ್ಬೇಡ ಕಣೇ, ಬಿದ್ದೀಯ," ಎಂದು ಅಜ್ಜಿ ಕೂಗಿದಳು.

ಹುಡುಗಿ ಓಡಿಕೊಂಡೇ ಹೋದಳು.